ಅಕ್ಕನ ನಾಲ್ಕು ತಂತಿ

ಭಾವ ಕೇಳಿದ್ದು ಪಿಟೀಲಿನ ತಂತಿ ಬಿಗಿಯುವ ಒಂದೇ ಒಂದು ಬಿರಡೆ ಸರಿಮಾಡಿಕೊಡು ಎಂದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಡೆದದ್ದಕ್ಕೆಲ್ಲ ನನ್ನ ಕೈಯ ಚಪಲವೇ ಕಾರಣ. ಯಾರೂ ಕೇಳದ ಉಪಕಾರ ಮಾಡಲು ಹೋಗುವ ಕೈ ನನ್ನದು, ಅದಕ್ಕೆ ತಕ್ಕ ನಾಲಿಗೆ ಬೇರೆ.

ಬೆಳಿಗ್ಗೆ ನನ್ನ ಪಿಟೀಲು ರಿಪೇರಿ ಅಂಗಡಿಯ ಬಾಗಿಲು ತೆಗೆದು ಇನ್ನೂ ಅಂಟಿನ ಡಬ್ಬಿಯನ್ನು ಬಿಸಿಗಿಟ್ಟಿರಲಿಲ್ಲ. ಭಾವ ಪಿಟೀಲಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಒಳಗೆ ಬಂದರು. ಅಕ್ಕನ ಪೆಟ್ಟಿಗೆ. ಅದರ ಹಿಡಿ ಕಿತ್ತುಹೋಗಿ ಆರು ವರ್ಷವಾಗಿತ್ತು, ನಾನು ಹಾಕಿಕೊಡುತ್ತೇನೆ ಎಂದಾಗಲೆಲ್ಲ ಅವಳು, "ಹಿಡಿ ಇಲ್ಲದಿದ್ರೆ ತಬ್ಬಿಕೊಂಡು ಹೋಗ್ತೀನಿ, ನಿನಗೇನು ಕಷ್ಟ?" ಎನ್ನುತ್ತಿದ್ದಳು. ಭಾವನೂ ತಬ್ಬಿಕೊಂಡೇ ಬಂದಿದ್ದರು.

"ಎರಡನೇ ಬಿರಡೆ ನಿಲ್ತಾ ಇಲ್ಲ ಪುಟ್ಟಿ. ತಿರುಗಿಸಿದರೆ ಹಾಗೇ ವಾಪಸ್ ಜಾರುತ್ತೆ. ಅದೊಂದು ನೋಡು, ಬೇರೇನೂ ಬೇಡ."

ನನಗೆ ಐವತ್ತೆರಡು. ನನ್ನ ಬಾಯಿಗೆ ಹೆದರಿ ದೊಡ್ಡ ದೊಡ್ಡ ವಾದಕರು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ. ಪುಟ್ಟಿ ಎಂದು ಕರೆಯುವವರು ಇಬ್ಬರೇ ಇದ್ದರು, ಅವರಲ್ಲಿ ಒಬ್ಬಳು, ಅಕ್ಕ, ಹೋಗಿ ಆಗ ನಾಲ್ಕು ತಿಂಗಳಾಗಿತ್ತು. ಶಾಲೆಯಲ್ಲಿ ಮಕ್ಕಳಿಗೆ ಪಿಟೀಲು ಪಾಠ ಹೇಳುತ್ತಿದ್ದವಳು ತಲೆ ಸುತ್ತುತ್ತಿದೆ ಎಂದು ಕುರ್ಚಿಯ ಮೇಲೆ ಕೂತಳಂತೆ. ಆಮೇಲೆ ಏಳಲಿಲ್ಲ.

ಸಂಜೆ ಬನ್ನಿ ಎಂದು ಭಾವನನ್ನು ಕಳಿಸಿದೆ. ಬಿರಡೆಯ ಕೆಲಸ ಅರ್ಧ ಗಂಟೆಯದು. ಸವೆದ ಕಡೆ ಸೀಮೆಸುಣ್ಣ, ಸೋಪು ಎರಡನ್ನೂ ಕಲಸಿ ಸವರಿ ನಾಲ್ಕು ಸಲ ತಿರುಗಿಸಿದರೆ ಕೂತುಕೊಳ್ಳುತ್ತದೆ. ಕೂತಿತು. ಅಲ್ಲಿಗೆ ಪೆಟ್ಟಿಗೆ ಮುಚ್ಚಿ ಇಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ನನ್ನ ಕಣ್ಣು ತಂತಿಗಳ ಮೇಲೆ ಹೋಯಿತು.

ಆ ತಂತಿಗಳ ವಿಷಯಕ್ಕೆ ನಾವು ಅಕ್ಕತಂಗಿಯರು ಇಪ್ಪತ್ತು ವರ್ಷ ಜಗಳವಾಡಿದ್ದೇವೆ. ಪಿಟೀಲಿಗೆ ತಂತಿ ಆರಿಸುವುದನ್ನು ನಾನು ಅರೆದು ಕುಡಿದವಳು. ಉಕ್ಕಿನದು ಬೇಗ ಬಾಯಿ ಬಿಡುತ್ತದೆ, ಆದರೆ ಹಳೆಯ ಮರದ ಮೇಲೆ ಬಿಗಿ ಹೆಚ್ಚು. ಕುರಿಯ ಕರುಳಿನದು ಮೃದು, ಆದರೆ ಮೋಡ ಕವಿದರೆ ಸಾಕು, ಶ್ರುತಿ ಇಳಿಯುತ್ತದೆ. ನೈಲಾನ್ ತಿರುಳಿನ ಮೇಲೆ ಬೆಳ್ಳಿ ಸುತ್ತಿದ್ದು ಇವೆರಡರ ನಡುವಿನದು. ಯಾವ ಮರಕ್ಕೆ, ಯಾವ ಕೈಗೆ, ಯಾವ ಕೋಣೆಗೆ ಯಾವುದು ಎಂದು ನೋಡಿ ನಾಲ್ಕನ್ನೂ ಹೊಂದಿಸಿ ಕೊಡುವುದು ನನ್ನ ಕಸುಬು. ದೂರದ ಊರುಗಳಿಂದ ಜನ ಬರುತ್ತಿದ್ದರು. ನನ್ನ ಒಡಹುಟ್ಟಿದವಳು ಮಾತ್ರ ಬಂದು, ನಾನು ಬೇರೆಯವರ ಪಿಟೀಲಿನಿಂದ ಬಿಚ್ಚಿ ಹಾಕಿದ ಹಳೆಯ ತಂತಿಗಳ ತಗಡಿನ ಡಬ್ಬ ಕೆದಕುತ್ತಿದ್ದಳು. ಒಂದು ಉಕ್ಕಿನದು, ಒಂದು ಯಾರದೋ ಕರುಳಿನದು, ತುದಿಯ ನೂಲು ಒಂದು ಕೆಂಪು, ಒಂದು ಹಸಿರು. ಒಂದಕ್ಕೊಂದು ಸಂಬಂಧವೇ ಇಲ್ಲ.

"ಮಾನ ಮರ್ಯಾದೆ ಇದೆಯೇನೇ? ತಂಗಿ ಅಂಗಡಿ ಇಟ್ಕೊಂಡು ಅಕ್ಕ ಕಸದ ತಂತಿ ಹಾಕ್ಕೊಂಡಿದಾಳೆ ಅಂದ್ರೆ ಜನ ನನ್ನ ಮುಖಕ್ಕೆ ಉಗೀತಾರೆ," ಎಂದರೆ ಅವಳು ನಗುತ್ತಿದ್ದಳು.

"ಹೊಸ ತಂತಿ ಹೊಸದಾಗಿ ಬಂದ ನೆಂಟರಂಗೆ ಕಣೇ, ಮಾತೋ ಮಾತು. ಇವು ಆಡಿ ಆಡಿ ಸುಸ್ತಾಗಿ ಬಂದಿರೋವು. ಕೇಳಿದಷ್ಟಕ್ಕೆ ಉತ್ತರ ಕೊಡ್ತವೆ. ಅಲ್ಲದೆ ನಾನು ಪಿಟೀಲು ಬಾರಿಸೋಳು, ಕುಯ್ಯೋಳು ನೀನು."

ಇನ್ನು ಜಗಳಕ್ಕೆ ಅವಳಿಲ್ಲ. ತಂತಿಗಳು ತುಕ್ಕು ಹಿಡಿದು, ಬೆರಳಾಡುವ ಕಡೆ ಸುತ್ತು ಬಿಚ್ಚಿಕೊಂಡಿದ್ದವು. ಬದುಕಿದ್ದಾಗ ಹಾಕಿಸಿಕೊಳ್ಳಲಿಲ್ಲ, ಈಗಲಾದರೂ ಅಕ್ಕನ ಪಿಟೀಲಿಗೆ ಯೋಗ್ಯವಾದದ್ದು ಹಾಕುತ್ತೇನೆ ಎಂದುಕೊಂಡೆ. ನಿಜ ಹೇಳುತ್ತೇನೆ, ಅದರಲ್ಲಿ ಪ್ರೀತಿ ಎಷ್ಟಿತ್ತೋ ಗೆಲ್ಲಬೇಕೆಂಬ ಹಟವೂ ಅಷ್ಟೇ ಇತ್ತು. ಒಂದೊಂದಾಗಿ ಬಿಚ್ಚಿದೆ. ಎಲ್ಲ ಒಟ್ಟಿಗೆ ಬಿಚ್ಚಿದರೆ ಒಳಗಿನ ಆಸರೆ ಕಡ್ಡಿ ಬಿದ್ದುಹೋಗುತ್ತದೆ, ಅಷ್ಟು ಎಚ್ಚರ ನನಗಿತ್ತು. ಬಿಚ್ಚಿದ್ದನ್ನು ಇಕ್ಕಳದಿಂದ ಮೂರು ಮೂರು ತುಂಡು ಮಾಡಿ ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದೆ. ಡಬ್ಬಕ್ಕೆ ಹಾಕುವ ಯೋಗ್ಯತೆಯೂ ಅವಕ್ಕೆ ಉಳಿದಿರಲಿಲ್ಲ. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಸುತ್ತ ಬೆಳ್ಳಗೆ ಕೂತಿದ್ದ, ಕಮಾನಿಗೆ ಉಜ್ಜುವ ರಾಳದ ಪುಡಿಯನ್ನು ಒರೆಸಿದೆ. ನನ್ನಲ್ಲಿದ್ದ ಅತ್ಯುತ್ತಮ ತಂತಿ ನಾಲ್ಕನ್ನು ಹಾಕಿ, ಶ್ರುತಿ ಮಾಡಿ, ಕಮಾನು ಎಳೆದು ನೋಡಿದೆ. ಅಂಗಡಿ ತುಂಬಿಹೋಯಿತು. ನೋಡೇ, ನಾನು ಹೇಳಿರಲಿಲ್ಲವಾ ಎಂದು ಗಟ್ಟಿಯಾಗಿಯೇ ಅಂದೆ, ಕಣ್ಣಲ್ಲಿ ನೀರು ಬಂತು.

ಸಂಜೆ ಭಾವ ಬಂದರು. ಪೆಟ್ಟಿಗೆ ತೆರೆದು ನೋಡುತ್ತಾ ನಿಂತರು.

"ತಂತಿ ಬದಲಾಯಿಸಿದೀಯ."

"ಹೂಂ ಭಾವ. ಹಾಳಾಗಿ ಹೋಗಿದ್ವು. ಎಳೆದು ನೋಡಿ."

ಅವರು ಸಂಗೀತದವರಲ್ಲ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸಿ ಗಾಜು ಹಾಕಿಕೊಡುವವರು. ಒಂದು ಹಾಡಿಗೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯದು ಎಂದು ನಾವು ಅಕ್ಕತಂಗಿಯರು ಅವರನ್ನು ಗೋಳು ಹೊಯ್ದುಕೊಂಡದ್ದಕ್ಕೆ ಲೆಕ್ಕವಿಲ್ಲ. ಅವರು ಕಮಾನು ಹಿಡಿದು ದಪ್ಪ ತಂತಿಯಿಂದ ತೆಳು ತಂತಿಯವರೆಗೆ ಒಂದೊಂದನ್ನೂ ಒಂದೊಂದು ಸಲ ಎಳೆದರು.

"ಚೆನ್ನಾಗಿದೆ," ಎಂದು ಪೆಟ್ಟಿಗೆ ಮುಚ್ಚಿದರು.

ಹತ್ತು ದಿನ ಸುದ್ದಿ ಇಲ್ಲ. ಹೊಸ ತಂತಿ ನಾಲ್ಕೈದು ದಿನ ಜಗ್ಗುತ್ತದೆ, ಮತ್ತೆ ಶ್ರುತಿ ಮಾಡಬೇಕು. ಅದೇ ನೆಪ ಮಾಡಿಕೊಂಡು ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಎರಡನೇ ಮಹಡಿಯ ಮನೆ, ಒಂದು ಹಾಲ್, ಒಂದು ಕೋಣೆ, ಅಡುಗೆಮನೆ. ಯಾವಾಗಲೂ ಕುರ್ಚಿಯ ಮೇಲೆ ತೆರೆದೇ ಇರುತ್ತಿದ್ದ ಪಿಟೀಲು ಕಪಾಟಿನ ಮೇಲೆ ಪೆಟ್ಟಿಗೆಯೊಳಗಿತ್ತು, ಮೇಲೆ ಇಸ್ತ್ರಿ ಬಟ್ಟೆಯ ಗಂಟು.

"ಯಾಕೆ ಭಾವ, ಅಲ್ಲಿಟ್ಟಿದೀರಿ?"

"ಕೂತ್ಕೋ. ನೀರು ಕುಡೀತೀಯಾ?"

"ನೀರು ಇರಲಿ. ಏನಾಯ್ತು ಹೇಳಿ. ನನ್ನ ಕೆಲಸದಲ್ಲಿ ತಪ್ಪಿದ್ರೆ ಮುಖಕ್ಕೆ ಹೊಡೆದಂಗೆ ಹೇಳಿ. ನಾನು ಎಲ್ಲರಿಗೂ ಹಾಗೇ ಹೇಳೋದು."

ಅವರು ಸುತ್ತಿ ಬಳಸಿ ಹೇಳಿದರು, ನಾನು ಒಟ್ಟು ಮಾಡಿ ಹೇಳುತ್ತೇನೆ. ಇಪ್ಪತ್ತಾರು ವರ್ಷದಿಂದ ಅವರ ಮನೆಯಲ್ಲಿ ಒಂದು ರೂಢಿ ಇತ್ತಂತೆ. ಸಂಜೆ ಭಾವ ಕೆಲಸದಿಂದ ಬರುವ ಹೊತ್ತಿಗೆ ಅಕ್ಕ ಅಡುಗೆಮನೆಯಲ್ಲಿರುತ್ತಿದ್ದಳು, ಕೈ ಒದ್ದೆ. "ಸ್ವಲ್ಪ ಎಳೀರಿ ನೋಡೋಣ," ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ಭಾವ ಬರಿ ತಂತಿಗಳನ್ನು ಒಂದೊಂದಾಗಿ ಎಳೆಯುತ್ತಿದ್ದರು. ಅವಳು ಪಾತ್ರೆ ತೊಳೆಯುತ್ತಲೇ, "ಎರಡನೇದು ಇಳಿದಿದೆ, ನಾಲ್ಕನೇದು ಪರವಾಗಿಲ್ಲ," ಎನ್ನುತ್ತಿದ್ದಳು. ಅಷ್ಟೇ ಅವರಿಗೆ ಬರುತ್ತಿದ್ದ ವಿದ್ಯೆ. ನನಗೆ ಈ ಸಂಗತಿಯೇ ಗೊತ್ತಿರಲಿಲ್ಲ. ಅಕ್ಕ ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

"ಅವಳು ಹೋದ ಮೇಲೂ ದಿನಾ ಎಳೀತಿದ್ದೆ ಪುಟ್ಟಿ. ಬಿರಡೆ ಮುಟ್ಟುತ್ತಿರಲಿಲ್ಲ, ಅವಳು ಬಿಟ್ಟಂಗೇ ಇರಲಿ ಅಂತ. ಎರಡನೇದು ಪೂರ್ತಿ ಸಡಿಲ ಆದಾಗ ಮಾತ್ರ ತಿರುಗಿಸಿದೆ, ನಿಲ್ಲಲಿಲ್ಲ, ನಿನ್ನ ಹತ್ರ ತಂದೆ. ದನಿ ಸ್ವಲ್ಪ ಸ್ವಲ್ಪ ಇಳೀತಾ ಹೋಯ್ತು, ಆದ್ರೂ ಅವಳದೇ. ಮನೇಲಿ ಇದಾಳೆ, ಮಾತಾಡ್ತಿಲ್ಲ ಅಷ್ಟೇ ಅನ್ನಿಸೋದು." ಅವರು ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. "ಈಗಿನದು ತುಂಬಾ ಚೆನ್ನಾಗಿದೆ. ಆದ್ರೆ ಬೇರೆ ಯಾರದೋ ಮನೆ ಪಿಟೀಲು. ಆ ಹಳೇ ತಂತಿ ಇದ್ರೆ ಮತ್ತೆ ಹಾಕಿಕೊಡ್ತೀಯಾ?"

ತುಂಡು ಮಾಡಿ ಕಸಕ್ಕೆ ಹಾಕಿದೆ ಎಂದು ಹೇಳಲು ನನ್ನಂಥ ಬಾಯಿಬಡುಕಿಗೂ ಎರಡು ನಿಮಿಷ ಬೇಕಾಯಿತು. ಅವರು ಬೈಯಲಿಲ್ಲ. ಹೌದಾ ಎಂದು ಎದ್ದು ಹೋಗಿ ನಲ್ಲಿ ತಿರುಗಿಸಿದರು, ಒಂದು ಲೋಟವನ್ನು ಬಹಳ ಹೊತ್ತು ತೊಳೆದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನಾನು ಎಷ್ಟೋ ಗಿರಾಕಿಗಳ ಮೇಲೆ ಎಸೆದಿದ್ದೇನೆ. ಆವತ್ತು ದೊಣ್ಣೆ ನನ್ನ ಕೈಯಲ್ಲೇ ಇತ್ತು.

"ಹುಡುಕಿ ಕೊಡ್ತೀನಿ ಭಾವ," ಎಂದೆ. "ಅವಳು ತಂತಿ ಆರಿಸ್ತಿದ್ದದ್ದು ನನ್ನ ಡಬ್ಬದಿಂದಾನೇ. ಅವುಗಳಂಥವು ಇನ್ನೂ ಅಲ್ಲೇ ಇರ್ತವೆ. ಆ ದನಿ ಸಿಗೋವರೆಗೆ ನಾನು ಬಿಡಲ್ಲ."

ಅವರ ಫೋನಿನಲ್ಲಿ ಅಕ್ಕ ನುಡಿಸಿದ ಎರಡು ತುಣುಕು ಇದ್ದವು. ಎರಡೂ ಶಾಲೆಯವು. ನಲವತ್ತು ಮಕ್ಕಳು ಒಟ್ಟಿಗೆ ಕುಯ್ಯುತ್ತಿದ್ದಾರೆ, ಅದರಲ್ಲಿ ಅಕ್ಕ ಎಲ್ಲಿದ್ದಾಳೆಂದು ದೇವರಿಗೇ ಗೊತ್ತು. ಹಾಗಾಗಿ ಆ ದನಿ ಉಳಿದಿದ್ದದ್ದು ಭಾವನ ಕಿವಿಯಲ್ಲಿ ಮಾತ್ರ. ಭಾನುವಾರ ಅವರಿಗೆ ರಜೆ. ಪ್ರತಿ ಭಾನುವಾರ ಹತ್ತು ಗಂಟೆಗೆ ಪೆಟ್ಟಿಗೆ ತಬ್ಬಿಕೊಂಡು ಬರಬೇಕೆಂದು ಮಾತಾಯಿತು.

ಡಬ್ಬವನ್ನು ಮೇಜಿನ ಮೇಲೆ ಸುರಿದೆ. ನೂರಾರು ತಂತಿಗಳು. ಒಂದೊಂದಕ್ಕೂ ಚೀಟಿ ಕಟ್ಟಿ ಸಂಖ್ಯೆ ಬರೆದೆ. ಮೊದಲ ಭಾನುವಾರ ಭಾವನಿಗೆ ಎರಡೇ ತಂತಿಯಲ್ಲಿ ತಲೆ ಕೆಟ್ಟಿತು. ನಾನು, "ಇದು ತೆರೆದ ದನಿಯಾ, ಮುಚ್ಚಿದ ದನಿಯಾ? ಅಂಚು ಇದೆಯಾ?" ಎಂದೆಲ್ಲ ನನ್ನ ಕಸುಬಿನ ಮಾತಿನಲ್ಲಿ ಕೇಳುತ್ತಿದ್ದೆ.

"ಹಾಗೆ ಕೇಳಬೇಡ," ಎಂದರು ಅವರು. "ನಮ್ಮಲ್ಲಿ ಒಂದು ಗಾಜು ಹಾಕ್ತೀವಿ, ತೆಗೆದು ಇನ್ನೊಂದು ಹಾಕ್ತೀವಿ. ಇದಾ, ಅದಾ ಅಂತೀವಿ, ಅಷ್ಟೇ. ತನ್ನ ಕಣ್ಣಿಗೆ ಯಾವ ನಂಬರ್ ಅಂತ ಯಾರಿಗೂ ಗೊತ್ತಿರಲ್ಲ. ಎರಡರಲ್ಲಿ ಯಾವುದು ವಾಸಿ ಅಂತ ಎಲ್ಲರಿಗೂ ಗೊತ್ತಾಗುತ್ತೆ."

ಹಾಗೇ ಮಾಡಿದೆವು. ನಾನು ಒಂದು ಹಾಕುವುದು, ಅವರು ಎಳೆಯುವುದು, ಬಿಚ್ಚಿ ಇನ್ನೊಂದು ಹಾಕುವುದು. ಇದಾ, ಅದಾ? ಸಂಗೀತ ಬಾರದ ಆ ಮನುಷ್ಯ ಹೇಳುತ್ತಿದ್ದ ಮಾತುಗಳಿಗೆ ನಾನು ಬೆರಗಾದೆ. "ಇದು ಕೇಳೋ ಮೊದಲೇ ಉತ್ತರ ಕೊಡುತ್ತೆ, ಅವಳದು ಸ್ವಲ್ಪ ಯೋಚನೆ ಮಾಡೋದು." ಇನ್ನೊಂದಕ್ಕೆ, "ಇದಕ್ಕೆ ನೆಗಡಿ ಆಗಿದೆ. ಅವಳದಕ್ಕೆ ನೆಗಡಿ ಇರಲಿಲ್ಲ, ನಿದ್ದೆಯಿಂದ ಎದ್ದಂಗಿರೋದು." ಮೂವತ್ತು ವರ್ಷದಿಂದ ನನ್ನಲ್ಲಿಗೆ ಬರುವ ಘಟಾನುಘಟಿಗಳು ಇಷ್ಟು ನಿಖರವಾಗಿ ಹೇಳಿದ್ದಿಲ್ಲ. ಮೂರನೆಯ ಭಾನುವಾರ ನಾಲ್ಕನೆಯ ತಂತಿ ಸಿಕ್ಕಿತು, ಒಬ್ಬ ಮುದುಕರ ಪಿಟೀಲಿನಿಂದ ಬಿಚ್ಚಿದ್ದ ಕರುಳಿನದು. ಅದನ್ನು ಎಳೆದ ಕೂಡಲೇ ಭಾವ ಅಡುಗೆಮನೆಯ ಕಡೆ ನೋಡುವವರಂತೆ ಕತ್ತು ತಿರುಗಿಸಿದರು. ನನ್ನ ಅಂಗಡಿಯಲ್ಲಿ ಆ ಕಡೆ ಬರೀ ಗೋಡೆ.

ನಾಲ್ಕನೆಯ ಭಾನುವಾರ ಮೂರನೆಯ ತಂತಿ. ಐದನೆಯ ಭಾನುವಾರ ಮೊದಲನೆಯದು. ಉಳಿದದ್ದು ಎರಡನೆಯದು ಒಂದೇ.

ಆವತ್ತು ಭಾವ ಸಹಜವಾಗಿ ಕೇಳಿದರು: "ನಿನಗೆ ಏನನ್ನಿಸುತ್ತೆ? ನನಗಿಂತ ನಿನ್ನ ಕಿವಿ ಸೂಕ್ಷ್ಮ ಅಲ್ವಾ. ಅವಳ ಎರಡನೇ ತಂತಿ ಹೇಗಿತ್ತು?"

ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದೆ. ಎರಡನೆಯ ತಂತಿ ಒಡೆದ ದನಿಯದು, ತುಕ್ಕಿನದು, ಒಂದು ಎಳೆ ಬಿಚ್ಚಿಕೊಂಡದ್ದು. ನಾಲ್ಕನೆಯದು ಗುಂಯ್ ಎನ್ನುವುದು. ಕಮಾನಿನ ಕೂದಲು ಉದುರಿದ್ದು. ಇವೆಲ್ಲ ನನಗೆ ಬಾಯಿಪಾಠ ಬರುತ್ತವೆ. ಅಕ್ಕ ನುಡಿಸುತ್ತಿದ್ದದ್ದು ಮಾತ್ರ ಕೇಳಿಸಲಿಲ್ಲ. ಅವಳ ಮನೆಯಲ್ಲಿ ಕೂತು ನೂರು ಸಲ ಕೇಳಿದ್ದೇನೆ, ನೂರು ಸಲವೂ ಯಾವ ತಂತಿ ಕೆಟ್ಟಿದೆ ಎಂದು ಹುಡುಕುತ್ತಲೇ ಕೇಳಿದ್ದೇನೆ. ಊರವರ ಪಿಟೀಲಿನ ಗುಣ ಹೇಳುವ ಕಿವಿಯಲ್ಲಿ ಸ್ವಂತ ಅಕ್ಕನ ಒಂದು ಸ್ವರ ಉಳಿದಿರಲಿಲ್ಲ. ಇದನ್ನು ಭಾವನಿಗೆ ಹೇಳಲು ನಾಚಿಕೆಯಾಯಿತು.

"ನೀವು ಹೇಳಿದಂಗೇ ಭಾವ," ಎಂದು ಸುಳ್ಳು ಹೇಳಿದೆ.

ಆಮೇಲೆ ನಾನು ಇನ್ನಷ್ಟು ಹಟಕ್ಕೆ ಬಿದ್ದೆ. ಅವರ ಕಿವಿಯಲ್ಲಿರುವ ದನಿಯನ್ನು ತಂತಿಗೆ ಇಳಿಸಿಬಿಟ್ಟರೆ ನಾನೂ ಕೇಳಬಹುದಲ್ಲ, ಈ ಸಲ ಸರಿಯಾಗಿ ಕೇಳಬಹುದಲ್ಲ ಎಂಬ ಆಸೆ. ಡಬ್ಬದಲ್ಲಿ ಇದ್ದದ್ದು ಮುಗಿಯುತ್ತ ಬಂದಾಗ ಬೇರೆ ರಿಪೇರಿಯವರ ಹತ್ತಿರ ಹೋಗಿ ಹಳೆಯ ತಂತಿ ಬೇಡಿ ತಂದೆ. ಹೊಸ ತಂತಿ ಮಾರುವವಳು ಹಳೆಯದನ್ನು ಬೇಡಲು ಬಂದಳೆಂದು ಅವರು ಆಡಿಕೊಂಡಿರಬೇಕು, ಆಡಿಕೊಳ್ಳಲಿ. ಆರನೆಯ ಭಾನುವಾರ, ಏಳನೆಯದು, ಎಂಟನೆಯದು. ಭಾವ ತಪ್ಪದೆ ಬರುತ್ತಿದ್ದರು. ಒಂದೊಂದು ದಿನ ಹದಿನೈದು ತಂತಿ ಹಾಕಿ ಬಿಚ್ಚುತ್ತಿದ್ದೆ. ಅವರ ಮಾತು ಕಡಿಮೆಯಾಯಿತು. ನೆಗಡಿ, ನಿದ್ದೆ ಎಲ್ಲ ಹೋಗಿ, "ಇದಲ್ಲ," "ಇದೂ ಅಲ್ಲ ಅನ್ಸುತ್ತೆ," ಅಷ್ಟೇ. ದಣಿದಿದ್ದಾರೆ ಎಂದುಕೊಂಡೆ. ಇನ್ನೊಂದು, ಇನ್ನೊಂದೇ ಒಂದು ಭಾವ ಎನ್ನುತ್ತಿದ್ದೆ.

ಹದಿಮೂರನೆಯ ಭಾನುವಾರ ಬರುವ ಹೊತ್ತಿಗೆ ಹಾಕದ ತಂತಿ ಒಂದೂ ಉಳಿದಿರಲಿಲ್ಲ. ಅದನ್ನು ಹೇಳಿ ಸೋಲೊಪ್ಪಿಕೊಳ್ಳುವ ಬದಲು ಬೇಡವೆಂದು ಪಕ್ಕಕ್ಕಿಟ್ಟ ರಾಶಿಯಿಂದಲೇ ಒಂದನ್ನು ತೆಗೆದು, ಚೀಟಿ ಬಿಚ್ಚಿ ಹಾಕಿದೆ. ಹದಿನೇಳನೆಯ ಸಂಖ್ಯೆಯದು. ಐದನೆಯ ಭಾನುವಾರ ಭಾವ ಅದನ್ನು ಅರ್ಧ ಎಳೆದು, "ಅಯ್ಯೋ ಇದಂತೂ ಅಲ್ಲವೇ ಅಲ್ಲ, ತಗಡು ಬಡಿದಂಗಿದೆ," ಎಂದು ನಕ್ಕಿದ್ದರು.

ಭಾವ ಎಳೆದರು. ಕಮಾನು ತುದಿ ಮುಟ್ಟುವವರೆಗೆ ಎಳೆದರು. ಆಮೇಲೆ ನನ್ನ ಮುಖ ನೋಡಿ, "ಹಾಂ ಪುಟ್ಟಿ. ಇದೇ," ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು.

"ಭಾವ, ನಾನೇನು ಚಿಕ್ಕ ಮಗೂನಾ? ಇದನ್ನ ನೀವೇ ಬೇಡ ಅಂದಿದ್ರಿ. ತಗಡು ಅಂದಿದ್ರಿ. ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡಿ. ಅಲ್ಲ ಅಂದ್ರೆ ಅಲ್ಲ ಅನ್ನಿ, ಇನ್ನೂ ನೂರು ತಂತಿ ತರ್ತೀನಿ."

"ಸುಳ್ಳಲ್ಲ," ಎಂದರು. ಪಿಟೀಲನ್ನು ತೊಡೆಯ ಮೇಲೆ ಇಟ್ಟುಕೊಂಡರು. "ಇದೇ ಇರಬಹುದು. ಅಲ್ಲದೆಯೂ ಇರಬಹುದು. ನನಗೆ ಗೊತ್ತಾಗ್ತಿಲ್ಲ."

"ಹಾಗಂದ್ರೆ?"

"ಮರೆತುಹೋಗಿದೆ ಪುಟ್ಟಿ."

ಹೊರಗೆ ಯಾರೋ ಗಾಡಿ ನಿಲ್ಲಿಸಿ ಹಾರನ್ ಹೊಡೆಯುತ್ತಿದ್ದರು. ಅದು ನಿಂತ ಮೇಲೆ ಭಾವ ಮುಂದುವರಿಸಿದರು.

"ಮೊದಲು ಬಂದಾಗ ಕಿವೀಲಿ ಹಾಗೇ ಇತ್ತು. ಕಣ್ಣು ಮುಚ್ಚಿದರೆ ಸಾಕು, ನಾಲ್ಕೂ ಕೇಳ್ತಿತ್ತು. ಇಲ್ಲಿ ಒಂದೊಂದು ತಂತಿ ಕೇಳಿದಾಗಲೂ ಅವಳ ದನೀನ ಅದರ ಪಕ್ಕ ಇಟ್ಟು ನೋಡಬೇಕಲ್ಲ. ನೋಡ್ತಾ ನೋಡ್ತಾ ಯಾವುದು ಅವಳದು, ಯಾವುದು ನೀನು ಹಾಕಿದ್ದು ಅಂತ ಕಲಸಿಹೋಯ್ತು. ಆರನೇ ವಾರವೋ ಏಳನೇ ವಾರವೋ ಮನೆಗೆ ಹೋಗಿ ಕೂತು ನೆನಪು ಮಾಡ್ಕೊಂಡೆ. ಬರಲಿಲ್ಲ. ಬೆಳಿಗ್ಗೆ ಬರಬಹುದು ಅಂತ ಮಲಗಿದೆ. ಆಮೇಲೆ ಬರಲೇ ಇಲ್ಲ."

"ಮೊದಲು ಸಿಕ್ಕ ಮೂರು ತಂತಿ? ಅವು ಸರಿ ಇದ್ವಲ್ಲ?"

"ಆಗ ಸರಿ ಅನ್ನಿಸಿತ್ತು. ಈಗ ಅವನ್ನ ತೆಗೆದು ಬೇರೆ ಹಾಕಿದರೂ ಹೂಂ ಅಂತೀನಿ."

ಮತ್ತೆ ಇಷ್ಟು ವಾರ ಯಾಕೆ ಬಂದಿರಿ ಎಂದು ಕೇಳಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ನೀನು ಅಷ್ಟು ಕಷ್ಟಪಡ್ತಿದ್ದೆ. ನಾನು ಮರೆತೆ ಅಂತ ಹೇಗೆ ಹೇಳಲಿ? ಮರೆಯೋಂಥ ಮಾತಾ ಅದು? ಹೆಂಡತಿಯದು?"

ಅಕ್ಕನ ದನಿ ಈ ಲೋಕದಲ್ಲಿ ಎರಡು ಕಡೆ ಇತ್ತು. ಒಂದನ್ನು ಇಕ್ಕಳದಲ್ಲಿ ಕತ್ತರಿಸಿದೆ. ಇನ್ನೊಂದನ್ನು ಹದಿಮೂರು ಭಾನುವಾರ ಕೂರಿಸಿಕೊಂಡು, ಕಾಫಿ ಕೊಟ್ಟು, ಇದಾ ಅದಾ ಎಂದು ಕೇಳಿ ಕೇಳಿ ಅಳಿಸಿಹಾಕಿದೆ. ಮೊದಲನೆಯದು ಗೊತ್ತಿಲ್ಲದೆ ಆದದ್ದು. ಎರಡನೆಯದನ್ನು ಮಾಡುವಾಗ ಅವರು ವಾರದಿಂದ ವಾರಕ್ಕೆ ಮಂಕಾಗುವುದನ್ನು ಎದುರಿಗೇ ಕೂತು ನೋಡಿದ್ದೆ, ಆದರೂ ಇನ್ನೊಂದೇ ಒಂದು ಎಂದಿದ್ದೆ. ಕ್ಷಮಿಸಿ ಭಾವ ಎನ್ನಲು ಬಾಯಿ ತೆರೆದೆ, ಅಳು ಬಂದುಬಿಟ್ಟಿತು. ಅಕ್ಕನನ್ನು ಸ್ಮಶಾನಕ್ಕೆ ಸಾಗಿಸುವಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಅವರು ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು.

"ಇವೇ ಇರಲಿ ಬಿಡು. ಇನ್ನು ಬದಲಾಯಿಸಬೇಡ," ಎಂದರು. "ದಿನಾ ಎಳೀತೀನಿ. ಎಳೀತಾ ಎಳೀತಾ ಇದೇ ಅವಳದು ಅಂತ ಅಭ್ಯಾಸ ಆಗುತ್ತೆ. ನೀನೂ ಹಾಗೇ ಅಂದ್ಕೋ. ಇಬ್ಬರೂ ಹಾಗೇ ಅಂದ್ಕೊಂಡ್ರೆ ಬೇರೆ ಯಾರು ಬಂದು ಅಲ್ಲ ಅಂತಾರೆ?"

ಹೂಂ ಎನ್ನಲು ನನಗೆ ಮನಸ್ಸಿರಲಿಲ್ಲ. ಅಲ್ಲ ಎನ್ನಲು ನನಗೇನೂ ನೆನಪಿರಲಿಲ್ಲ. ಹೂಂ ಎಂದೆ.